ಒಂದು ಕೀಲಿನ ತೂಕ

ಅಮೆರಿಕದ ಸೂಪರ್‌ಸಾನಿಕ್, ಅಂದರೆ ಶಬ್ದಕ್ಕಿಂತ ವೇಗವಾಗಿ ಹಾರುವ, ಪ್ರಯಾಣಿಕ ವಿಮಾನ ಸತ್ತದ್ದು ಯಾವಾಗ ಎಂದು ಕೇಳಿದರೆ ಎಲ್ಲರೂ ಹೇಳುವ ದಿನ 1971ರ ಮಾರ್ಚ್ 24. ಅಂದು ಸೆನೆಟ್ 51–46 ಮತಗಳಿಂದ ಯೋಜನೆಗೆ ಹಣ ನಿಲ್ಲಿಸಿತು. ಪರಿಸರದವರು ಗೆದ್ದರು, ವಿಮಾನ ಕಾರ್ಖಾನೆಯವರು ಸೋತರು ಎಂದು ಕಥೆ ಅಲ್ಲಿಗೆ ಮುಗಿಯುತ್ತದೆ. ಈ ಕಥೆಯನ್ನು ನಾನು ಒಪ್ಪುವುದಿಲ್ಲ. ನನ್ನ ಪ್ರಕಾರ ಆ ವಿಮಾನ ಸತ್ತದ್ದು 1966ರ ಡಿಸೆಂಬರ್ 31ರಂದು. ಎರಡು ವಿನ್ಯಾಸಗಳ ಪೈಕಿ ಬೋಯಿಂಗ್ ಕಂಪನಿಯದನ್ನು ಆರಿಸಿದ್ದೇವೆ ಎಂದು ಸರ್ಕಾರ ಪ್ರಕಟಿಸಿದ ದಿನ ಅದು. ಗೆದ್ದ ವಿನ್ಯಾಸದ ರೆಕ್ಕೆಯೊಳಗೆ, ಹಾರುತ್ತಲೇ ಅದನ್ನು ಹಿಂದೆ ಮುಂದೆ ತಿರುಗಿಸಲು, ಎರಡು ಕೀಲುಗಳಿದ್ದವು. ಆ ಕೀಲುಗಳ ಭಾರವನ್ನು ಹೊತ್ತು ಅದು ಅಟ್ಲಾಂಟಿಕ್ ದಾಟುವುದು ಸಾಧ್ಯವೇ ಇರಲಿಲ್ಲ.

ನಾನು ತೂಕದ ಲೆಕ್ಕ ಹಾಕುವ ಕೆಲಸದವಳು. ವಿನ್ಯಾಸಕಾರರು ಬಿಡಿಭಾಗಗಳ ನಕ್ಷೆ ಬರೆಯುತ್ತಾರೆ. ಪ್ರತಿಯೊಂದು ಭಾಗ ಎಷ್ಟು ತೂಗುತ್ತದೆ, ಅದರಿಂದ ಇಡೀ ಯಂತ್ರದ ಗುರುತ್ವ ಕೇಂದ್ರ ಎತ್ತ ಸರಿಯುತ್ತದೆ ಎಂದು ಕೂಡಿಸುತ್ತಾ ಹೋಗುವುದು ನನ್ನ ವೃತ್ತಿ. ವಿನ್ಯಾಸ ಸಭೆಗಳಲ್ಲಿ ನನ್ನ ಪಟ್ಟಿ ತೆರೆದರೆ ಮುಖಗಳು ಗಂಟಿಕ್ಕುವುದನ್ನು ವರ್ಷಗಳಿಂದ ನೋಡಿದ್ದೇನೆ. ಹಾಗಾಗಿ ಯಾವುದೇ ಹಳೆಯ ವಿಮಾನದ ವಿಷಯ ಓದುವಾಗಲೂ ನನ್ನ ಕಣ್ಣು ಮೊದಲು ಹೋಗುವುದು ತೂಕದ ಅಂಕಿಗಳಿಗೆ. ಆ ಗೆದ್ದ ವಿನ್ಯಾಸದ, ಅಂದರೆ ಬೋಯಿಂಗ್ 2707ರ, ಅಂಕಿಗಳನ್ನು ಮೊದಲ ಸಲ ಓದಿದಾಗ ಬೇರೆಲ್ಲವನ್ನೂ ಬದಿಗಿಟ್ಟು ಕಾಗದ ಪೆನ್ಸಿಲ್ ಹಿಡಿದು ಕುಳಿತೆ.

ನೆಲ ಬಿಡುವಾಗ ಅದರ ಒಟ್ಟು ತೂಕ ಸುಮಾರು 6,75,000 ಪೌಂಡ್, ಅಂದರೆ 306 ಟನ್. ಅದರಲ್ಲಿ 250 ಜನ ಕುಳಿತರು ಎನ್ನೋಣ. ಒಬ್ಬೊಬ್ಬರಿಗೆ ಸಾಮಾನು ಸೇರಿ 100 ಕಿಲೋ ಹಿಡಿದರೆ 25 ಟನ್ ಆಯಿತು. ಒಟ್ಟು ತೂಕದ ಸುಮಾರು ಶೇಕಡಾ 8. ಉಳಿದದ್ದೆಲ್ಲ ಇಂಧನ, ಎಂಜಿನ್, ಲೋಹ. ಈಗ ವಿಮಾನದ ಒಡಲು ಅಂದುಕೊಂಡದ್ದಕ್ಕಿಂತ ತುಸು ಭಾರವಾಯಿತು, ಒಟ್ಟು ತೂಕದ ಶೇಕಡಾ 3ರಷ್ಟು ಮಾತ್ರ ಎಂದಿಟ್ಟುಕೊಳ್ಳಿ. 9 ಟನ್ ಹೆಚ್ಚಿತು. ಅದೇ ದೂರ ಹಾರಬೇಕು, ಅದೇ ರನ್‌ವೇಯಿಂದ ಏಳಬೇಕು ಎಂದರೆ ಆ 9 ಟನ್ ಎಲ್ಲಿಂದಲಾದರೂ ಕಳೆಯಬೇಕು. ಇಂಧನ ಕಳೆದರೆ ಸಾಗರದ ಆಚೆ ದಡ ಸಿಗುವುದಿಲ್ಲ. ಆದ್ದರಿಂದ 90 ಜನರನ್ನು ಇಳಿಸಬೇಕು. ಶೇಕಡಾ 3ರ ಲೆಕ್ಕತಪ್ಪಿಗೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಟಿಕೆಟ್ ಹೋಯಿತು. ಯಾರನ್ನೂ ಇಳಿಸುವುದಿಲ್ಲ, ಇಂಧನವನ್ನೇ ಹೆಚ್ಚಿಸುತ್ತೇವೆ ಎಂದರೆ ಟ್ಯಾಂಕ್ ದೊಡ್ಡದಾಗಬೇಕು, ಟ್ಯಾಂಕ್ ಹೊರುವ ರೆಕ್ಕೆ ಗಟ್ಟಿಯಾಗಬೇಕು, ಆ ರೆಕ್ಕೆಯನ್ನು ಎತ್ತಲು ಇನ್ನಷ್ಟು ಇಂಧನ ಬೇಕು. ಸಾಮಾನ್ಯ ಜೆಟ್‌ನಲ್ಲಿ ಇಂಥ ತಪ್ಪನ್ನು ಹೇಗೋ ಅರಗಿಸಿಕೊಳ್ಳಬಹುದು. ಶಬ್ದಕ್ಕಿಂತ ಎರಡೂವರೆ ಪಟ್ಟು ವೇಗದಲ್ಲಿ ಹೋಗುವ ವಿಮಾನಕ್ಕೆ ಆ ಅವಕಾಶವೇ ಇಲ್ಲ.

ಇದೆಲ್ಲ ಶುರುವಾದ ಬಗೆಯನ್ನೂ ಹೇಳಬೇಕು. 1962ರ ನವೆಂಬರ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಕಾಂಕಾರ್ಡ್ ಎಂಬ ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನವನ್ನು ಒಟ್ಟಿಗೆ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದವು. 1963ರ ಜೂನ್ 4ರಂದು ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಯ ಮುಖ್ಯಸ್ಥ ಹ್ವಾನ್ ಟ್ರಿಪ್ ಆರು ಕಾಂಕಾರ್ಡ್‌ಗಳನ್ನು ಕಾದಿರಿಸಿರುವುದಾಗಿ ಪ್ರಕಟಿಸಿದರು. ಅಮೆರಿಕದ ಧ್ವಜ ಹೊತ್ತು ಜಗತ್ತು ಸುತ್ತುವ ಸಂಸ್ಥೆ ಯುರೋಪಿನ ವಿಮಾನಕ್ಕೆ ಮುಂಗಡ ಕೊಟ್ಟಿತ್ತು. ಮರುದಿನ, ಜೂನ್ 5ರಂದು, ಕೊಲೊರಾಡೊದಲ್ಲಿ ವಾಯುಪಡೆ ಅಕಾಡೆಮಿಯ ಪದವಿ ಪ್ರದಾನ ಸಮಾರಂಭದಲ್ಲಿ ಅಧ್ಯಕ್ಷ ಕೆನಡಿ ಅಮೆರಿಕದ್ದೇ ಆದ ಸೂಪರ್‌ಸಾನಿಕ್ ವಿಮಾನದ ಯೋಜನೆಯನ್ನು ಘೋಷಿಸಿದರು. ಬೇರೆ ಯಾವ ದೇಶದ್ದಕ್ಕಿಂತಲೂ ಮಿಗಿಲಾದದ್ದು ಬೇಕು ಎಂಬುದು ಅವರ ಮಾತಿನ ತಿರುಳು. ಸರ್ಕಾರ 75 ಕೋಟಿ ಡಾಲರ್‌ಗಿಂತ ಹೆಚ್ಚು ಕೊಡುವುದಿಲ್ಲ ಎಂಬ ಮಿತಿಯನ್ನೂ ಅವರು ಹಾಕಿದರು. ನಾಗರಿಕ ವಿಮಾನಯಾನ ಸಂಸ್ಥೆಯ ಮುಖ್ಯಸ್ಥ ನಜೀಬ್ ಹಲಾಬಿ ಈ ಕೆಲಸದ ಹಿಂದಿನ ಮುಖ್ಯ ಶಕ್ತಿ.

ಮಿಗಿಲಾಗುವುದು ಎಂದರೆ ದೊಡ್ಡದಾಗಿರುವುದು ಮತ್ತು ವೇಗವಾಗಿರುವುದು ಎಂದೇ ಎಲ್ಲರೂ ಅರ್ಥ ಮಾಡಿಕೊಂಡರು. ತೊಂದರೆಯ ಬೀಜ ಇಲ್ಲಿದೆ. ಕಾಂಕಾರ್ಡ್‌ನ ಎಂಜಿನಿಯರುಗಳು ಮ್ಯಾಕ್ 2ರ, ಅಂದರೆ ಶಬ್ದದ ಎರಡು ಪಟ್ಟು ವೇಗದ, ಆಸುಪಾಸಿನಲ್ಲೇ ನಿಂತದ್ದಕ್ಕೆ ಒಳ್ಳೆಯ ಕಾರಣವಿತ್ತು. ಗಾಳಿಯನ್ನು ಎದುರಿಸುವ ಮೂತಿಯ ಬಿಸಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ಎತ್ತರದಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ 56 ಡಿಗ್ರಿ ಕೆಳಗಿರುತ್ತದೆ. ಆದರೂ ಮ್ಯಾಕ್ 2ರಲ್ಲಿ ಮೂತಿ 117 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಮ್ಯಾಕ್ 2.7ರಲ್ಲಿ 260, ಮ್ಯಾಕ್ 3ರಲ್ಲಿ 330 ದಾಟುತ್ತದೆ. ಅಲ್ಯೂಮಿನಿಯಂ ಮೊದಲನೆಯದನ್ನು ತಡೆದುಕೊಳ್ಳುತ್ತದೆ, ಉಳಿದೆರಡನ್ನು ತಡೆಯುವುದಿಲ್ಲ. ಮೇಲೆ ಹೋಗಬೇಕೆಂದರೆ ಉಕ್ಕು ಅಥವಾ ಟೈಟಾನಿಯಂ. ಮ್ಯಾಕ್ 2ರಿಂದ 2.7ಕ್ಕೆ ಏರಿದರೆ ನ್ಯೂಯಾರ್ಕ್–ಲಂಡನ್ ಹಾದಿಯಲ್ಲಿ ಉಳಿಯುವ ಸಮಯ ಒಂದು ಗಂಟೆಯೂ ಇಲ್ಲ, ಏಕೆಂದರೆ ಏರುವುದಕ್ಕೂ ಇಳಿಯುವುದಕ್ಕೂ ಹಿಡಿಯುವ ಹೊತ್ತು ಹೇಗೂ ಇದ್ದೇ ಇದೆ. ಅಷ್ಟು ನಿಮಿಷಗಳಿಗಾಗಿ ಇಡೀ ಲೋಹಶಾಸ್ತ್ರವನ್ನೇ ಬದಲಿಸಲು ಹೊರಟರು.

ಕೆನಡಿ ಭಾಷಣಕ್ಕೆ ಮುಂಚೆಯೂ ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನದ ಚಿತ್ರಗಳು ಅಮೆರಿಕದ ಕಾರ್ಖಾನೆಗಳಲ್ಲಿ ಹರಿದಾಡುತ್ತಿದ್ದವು. ಅವುಗಳಲ್ಲಿ ನನಗೆ ಇಷ್ಟವಾದದ್ದು ಕಾನ್ವೇರ್ ಕಂಪನಿಯ 58-9. ಅವರ ಬಳಿ ಮ್ಯಾಕ್ 2ರಲ್ಲಿ ಹಾರುವ ಬಿ-58 ಬಾಂಬರ್ ಆಗಲೇ ಇತ್ತು. ಅದರ ರೆಕ್ಕೆಯನ್ನು ಆಧಾರವಾಗಿಟ್ಟುಕೊಂಡು ಹೊಸ ಒಡಲು ಜೋಡಿಸಿ 52 ಜನರನ್ನು ಕೂರಿಸುವ ಯೋಜನೆ ಅದು. ಅದಕ್ಕೂ ಮೊದಲಿನ ಹಂತದಲ್ಲಿ ಬಾಂಬರಿನ ಹೊಟ್ಟೆಯಡಿ ತೂಗುವ ಬಾಂಬಿನ ಕೋಶದ ಜಾಗದಲ್ಲಿ ಐದು ಜನ ಕೂರುವ ಕೋಶವನ್ನು ತೂಗುಹಾಕಿ, ಆ ವೇಗದಲ್ಲಿ ಪ್ರಯಾಣ ಹೇಗಿರುತ್ತದೆ ಎಂದು ಪರೀಕ್ಷಿಸುವ ಪ್ರಸ್ತಾಪವೂ ಇತ್ತು. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಈ ವಿಧಾನವನ್ನು ನಾನು ಮನಸಾರೆ ಗೌರವಿಸುತ್ತೇನೆ. 52 ಜನರ ಟಿಕೆಟ್ ಹಣದಿಂದ ಯಾವ ಸಂಸ್ಥೆಯೂ ಬದುಕುವುದಿಲ್ಲ ಎಂಬುದು ನಿಜ. ಆದರೆ ಕಲಿಯಲು ಅಷ್ಟು ಸಾಕಿತ್ತು. ಡಗ್ಲಸ್ ಕಂಪನಿಯವರು 2229 ಎಂಬ ಮ್ಯಾಕ್ 3ರ ವಿನ್ಯಾಸದ ಮೇಲೆ ಕೆಲಸ ಮಾಡಿ, ಲಾಭದ ಲೆಕ್ಕ ಹೊಂದುವುದಿಲ್ಲವೆಂದು ಸ್ಪರ್ಧೆಯಿಂದಲೇ ದೂರ ಉಳಿದರು.

ನಾರ್ತ್ ಅಮೆರಿಕನ್ ಕಂಪನಿ ತಂದದ್ದು ಎನ್‌ಎಸಿ-60. ಅದರ ತಾಯಿ ಎಕ್ಸ್‌ಬಿ-70 ವಾಲ್ಕಿರಿ ಎಂಬ ಆರು ಎಂಜಿನ್ನಿನ ಬಿಳಿ ಬಾಂಬರ್. ಎರಡೇ ವಾಲ್ಕಿರಿಗಳು ತಯಾರಾದವು. ಎರಡನೆಯದು 1966ರ ಜೂನ್ 8ರಂದು, ಎಂಜಿನ್ ಕಂಪನಿಗಾಗಿ ಫೋಟೋ ತೆಗೆಯಲು ಸಾಲಾಗಿ ಹಾರುತ್ತಿದ್ದಾಗ, ಪಕ್ಕದ ಎಫ್-104 ಯುದ್ಧವಿಮಾನ ಬಡಿದು ನಾಶವಾಯಿತು. ಎಫ್-104ರಲ್ಲಿದ್ದ ಜೋ ವಾಕರ್ ಮತ್ತು ವಾಲ್ಕಿರಿಯ ಸಹಚಾಲಕ ಕಾರ್ಲ್ ಕ್ರಾಸ್ ತೀರಿಕೊಂಡರು. ಉಳಿದ ಒಂದನ್ನು ನಾಸಾ ಸೂಪರ್‌ಸಾನಿಕ್ ಪ್ರಯಾಣದ ಸಂಶೋಧನೆಗೆ ಬಳಸಿತು. 1969ರ ಫೆಬ್ರುವರಿ 4ರಂದು ಅದು ಓಹಿಯೊದ ಡೇಟನ್‌ಗೆ ಹಾರಿ ಅಲ್ಲಿನ ವಾಯುಪಡೆ ವಸ್ತುಸಂಗ್ರಹಾಲಯ ಸೇರಿತು. ಅದರ ಕೆಳಗೆ ನಾನು ನಿಂತಿದ್ದೇನೆ. ಎಂಜಿನ್ನುಗಳಿಗೆ ಗಾಳಿ ಸೇದುವ ಪೆಟ್ಟಿಗೆಯೊಳಗೆ ಆಳೊಬ್ಬರು ತಲೆ ತಗ್ಗಿಸದೆ ನಡೆಯಬಹುದು ಎನ್ನಿಸಿತು. ತೆಳು ಉಕ್ಕಿನ ಎರಡು ಹಾಳೆಗಳ ನಡುವೆ ಜೇನುಗೂಡಿನಂಥ ಕೋಶಗಳನ್ನು ಬೆಸೆದ ಹಲಗೆಗಳಿಂದ ಆ ಒಡಲಿನ ಬಹುಭಾಗವನ್ನು ಕಟ್ಟಿದ್ದಾರೆ. ಬೆಸುಗೆಯ ಗೆರೆಗಳನ್ನು ನೋಡುತ್ತಾ ಇದರ ತೂಕದ ಪುಸ್ತಕ ಬರೆದವರು ಯಾರಿರಬಹುದು, ರಾತ್ರಿ ನಿದ್ದೆ ಬರುತ್ತಿತ್ತೇ ಎಂದು ಯೋಚಿಸಿದೆ. ಎನ್‌ಎಸಿ-60 ಈ ತಾಯಿಯ ತ್ರಿಕೋನ ರೆಕ್ಕೆಯನ್ನೂ ಮೂತಿಯ ಬಳಿಯ ಪುಟ್ಟ ರೆಕ್ಕೆಗಳನ್ನೂ ಹಾಗೆಯೇ ಇಟ್ಟುಕೊಂಡು, ವೇಗವನ್ನು ಮ್ಯಾಕ್ 2.65ಕ್ಕೆ ಇಳಿಸಿತ್ತು. 1964ರ ಮೊದಲ ಸುತ್ತಿನಲ್ಲೇ ಅದು ಹೊರಬಿತ್ತು.

ಕಣದಲ್ಲಿ ಉಳಿದವರು ಇಬ್ಬರು: ಬೋಯಿಂಗ್ ಮತ್ತು ಲಾಕ್‌ಹೀಡ್.

ಲಾಕ್‌ಹೀಡ್‌ನ ಎಲ್-2000ರ ಮೂರು ದಿಕ್ಕಿನ ನಕ್ಷೆ ನನ್ನ ಮೇಜಿನ ಎದುರಿನ ಗೋಡೆಯಲ್ಲಿದೆ. 83 ಮೀಟರ್ ಉದ್ದ, 35 ಮೀಟರ್ ಅಗಲ, ಒಟ್ಟು ತೂಕ ಸುಮಾರು 268 ಟನ್. ಬಾಲದ ರೆಕ್ಕೆ ಇಲ್ಲ. ಇರುವುದು ಒಂದೇ ದೊಡ್ಡ ರೆಕ್ಕೆ. ಅದರ ಮುಂಭಾಗ ಮೂತಿಯ ಹತ್ತಿರದಿಂದಲೇ ಕಡಿದಾದ ಕೋನದಲ್ಲಿ ಶುರುವಾಗಿ, ಹಿಂದೆ ಹೋದಂತೆ ಅಗಲಕ್ಕೆ ತೆರೆದುಕೊಳ್ಳುತ್ತದೆ. ಇದಕ್ಕೆ ಜೋಡಿ ಡೆಲ್ಟಾ ಎಂದು ಹೆಸರು. ಈ ಆಕಾರ ನೋಡಲು ಚೆಂದ ಎಂಬುದು ಒಂದು ಮಾತು. ಅದರ ನಿಜವಾದ ಗುಣ ಬೇರೆ ಕಡೆ ಇದೆ. ವಿಮಾನ ಶಬ್ದದ ವೇಗವನ್ನು ದಾಟುವಾಗ ರೆಕ್ಕೆಯ ಮೇಲೆತ್ತುವ ಬಲ ಕೇಂದ್ರೀಕರಿಸುವ ಬಿಂದು ಹಿಂದಕ್ಕೆ ಜಾರುತ್ತದೆ. ಗುರುತ್ವ ಕೇಂದ್ರ ಇದ್ದಲ್ಲೇ ಇದ್ದರೆ ಮೂತಿ ಕೆಳಗೆ ಬಾಗುತ್ತದೆ. ಕಾಂಕಾರ್ಡ್ ಈ ಸಮಸ್ಯೆಯನ್ನು ಇಂಧನವನ್ನು ಹಿಂದಿನ ಟ್ಯಾಂಕಿಗೆ ಪಂಪ್ ಮಾಡಿ ಪರಿಹರಿಸಿತು. ಜೋಡಿ ಡೆಲ್ಟಾದಲ್ಲಿ ರೆಕ್ಕೆಯ ಮುಂಭಾಗವೇ ವೇಗ ಹೆಚ್ಚಿದಂತೆ ತನ್ನ ಪಾಲಿನ ಭಾರ ಹೊರುತ್ತದೆ, ಹಾಗಾಗಿ ಆ ಜಾರುವಿಕೆ ಬಹಳ ಕಡಿಮೆಯಾಗುತ್ತದೆ. ಇಳಿಯುವಾಗ ಮೂತಿ ಎತ್ತಿ ನಿಧಾನಿಸಿದರೆ ಅದೇ ಕಡಿದಾದ ಅಂಚಿನ ಮೇಲೆ ಗಾಳಿ ಸುಳಿಗಟ್ಟಿ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಸಾಮಾನ್ಯ ಜೆಟ್‌ಗಳ ರೆಕ್ಕೆಯಿಂದ ಇಳಿಯುವಾಗ ಹೊರಬರುವ ಫ್ಲ್ಯಾಪ್‌ಗಳ ಗೊಡವೆಯೇ ಬೇಡ. ಅಂದರೆ ಅವುಗಳ ಹಳಿಗಳು, ಮೋಟಾರುಗಳು, ತಿರುಪುಗಳು ಯಾವುವೂ ನನ್ನಂಥವರ ಪಟ್ಟಿಯಲ್ಲಿ ಇರುವುದಿಲ್ಲ. ಒಂದು ಆಕಾರ, ಮೂರು ಸಮಸ್ಯೆಗೆ ಉತ್ತರ, ಚಲಿಸುವ ಭಾಗ ತೀರಾ ಕಡಿಮೆ. ಈ ನಕ್ಷೆಯನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಲಾಕ್‌ಹೀಡ್‌ಗೆ ಇನ್ನೊಂದು ಬಲವೂ ಇತ್ತು. 1962ರ ಏಪ್ರಿಲ್‌ನಿಂದಲೇ ಅವರ ಎ-12 ಗೂಢಚಾರ ವಿಮಾನ ನೆವಾಡಾದ ಮರುಭೂಮಿಯ ಮೇಲೆ ಗುಟ್ಟಾಗಿ ಹಾರುತ್ತಿತ್ತು. ಅದರ ಮೈ ಟೈಟಾನಿಯಂ, ವೇಗ ಮ್ಯಾಕ್ 3ಕ್ಕೂ ಮೇಲೆ. 1964ರ ಫೆಬ್ರುವರಿ 29ರಂದು ಅಧ್ಯಕ್ಷ ಜಾನ್ಸನ್ ಈ ವಿಮಾನದ ಅಸ್ತಿತ್ವವನ್ನು ಎ-11 ಎಂಬ ಹೆಸರಿನಲ್ಲಿ ಬಹಿರಂಗಪಡಿಸಿದಾಗ, ಇದರಿಂದ ಕಲಿತ ಪಾಠಗಳು ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನಕ್ಕೂ ನೆರವಾಗುತ್ತವೆ ಎಂದಿದ್ದರು. ಟೈಟಾನಿಯಂ ಕೊರೆಯುವುದು ಹೇಗೆ, ಬಗ್ಗಿಸುವುದು ಹೇಗೆ, ಬೆಸೆಯುವುದು ಹೇಗೆ ಎಂದು ಕೈಯಾರೆ ಕಲಿತವರು ಆಗ ಅಮೆರಿಕದಲ್ಲಿ ಎಲ್ಲಿದ್ದರು ಎಂದರೆ ಲಾಕ್‌ಹೀಡ್‌ನ ಬರ್ಬ್ಯಾಂಕ್ ಕಾರ್ಖಾನೆಯಲ್ಲಿ.

ಬೋಯಿಂಗ್ ಬೇರೆ ದಾರಿ ಹಿಡಿಯಿತು. ಅವರ ವಾದವೂ ಗಟ್ಟಿಯಾದದ್ದೇ. ನಿಧಾನವಾಗಿ ಹಾರಲು, ಅಂದರೆ ಏಳಲು ಇಳಿಯಲು, ನೀಳವಾಗಿ ಬದಿಗೆ ಚಾಚಿದ ರೆಕ್ಕೆ ಒಳ್ಳೆಯದು. ವೇಗವಾಗಿ ಹಾರಲು ಹಿಂದಕ್ಕೆ ಒರಗಿದ ರೆಕ್ಕೆ ಒಳ್ಳೆಯದು. ಎರಡೂ ಬೇಕೆಂದರೆ ರೆಕ್ಕೆಯನ್ನು ತಿರುಗಿಸೋಣ. ಪೂರ್ತಿ ಹಿಂದಕ್ಕೆ, 72 ಡಿಗ್ರಿಗೆ, ಒರಗಿದಾಗ ಅದು ಬಾಲದ ರೆಕ್ಕೆಗೆ ಹೋಗಿ ಕೂಡಿಕೊಂಡು ಒಂದೇ ದೊಡ್ಡ ತ್ರಿಕೋನವಾಗುತ್ತಿತ್ತು. ಚಾಚಿದಾಗ ತುದಿಯಿಂದ ತುದಿಗೆ 50 ಮೀಟರಿಗೂ ಹೆಚ್ಚು, ಒರಗಿದಾಗ ಸುಮಾರು 32. ವಿಮಾನದ ಉದ್ದ 93 ಮೀಟರ್. ಚಿತ್ರದಲ್ಲಿ ಇದು ಅದ್ಭುತ. ಚಾಚಿದ ರೆಕ್ಕೆಯಿಂದ ಸಣ್ಣ ರನ್‌ವೇ ಸಾಕು, ಏಳುವಾಗ ಎಂಜಿನ್ ಅಷ್ಟು ಗರ್ಜಿಸಬೇಕಾಗಿಲ್ಲ, ಊರಿನ ಮೇಲೆ ಶಬ್ದದ ವೇಗಕ್ಕಿಂತ ಕೆಳಗೆ ಹಾರಿದರೂ ಇಂಧನ ಉಳಿಯುತ್ತದೆ. 1966ರ ಸೆಪ್ಟೆಂಬರ್‌ನಲ್ಲಿ ಎರಡೂ ಕಂಪನಿಗಳು ಅಂತಿಮ ವಿನ್ಯಾಸ ಒಪ್ಪಿಸಿದವು. ಲಾಕ್‌ಹೀಡ್‌ನದು ಕಟ್ಟಲು ಸರಳ, ಅಪಾಯ ಕಡಿಮೆ, ಆದರೆ ಸಾಮರ್ಥ್ಯ ತುಸು ಕಡಿಮೆ, ಸದ್ದು ತುಸು ಹೆಚ್ಚು ಎಂದು ತೀರ್ಪುಗಾರರು ಕಂಡುಕೊಂಡರು. ಬೋಯಿಂಗ್ ಗೆದ್ದಿತು. ಜನರಲ್ ಎಲೆಕ್ಟ್ರಿಕ್‌ನ ಜಿಇ4 ಎಂಜಿನ್ ಕೂಡ ಗೆದ್ದಿತು. ಒಂದೊಂದು ಎಂಜಿನ್ 60,000 ಪೌಂಡ್‌ಗೂ ಮಿಕ್ಕಿ ನೂಕುಬಲ ಕೊಡುವಂಥದ್ದು.

ಆ ತೀರ್ಪಿನ ಬಗ್ಗೆ ನನ್ನ ಸಿಟ್ಟು ಇರುವುದು ಒಂದೇ ಜಾಗದಲ್ಲಿ. ಬೋಯಿಂಗ್‌ನ ಉತ್ತಮ ಅಂಕಿಗಳೆಲ್ಲ ತೂಕ ಅಂದುಕೊಂಡಷ್ಟೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದ್ದವು. ಲಾಕ್‌ಹೀಡ್‌ನ ಅಂಕಿಗಳೂ ಹಾಗೆಯೇ, ಆದರೆ ಅಲ್ಲಿ ಊಹಿಸಬೇಕಾದದ್ದು ಕಡಿಮೆ. ಯಾರೂ ಕಟ್ಟಿರದ ಗಾತ್ರದ ಕೀಲಿನ ತೂಕವನ್ನು ಯಾರು ತಾನೇ ಖಚಿತವಾಗಿ ಹೇಳಬಲ್ಲರು? ನನ್ನ ವೃತ್ತಿಯಲ್ಲಿ ಮೊದಲು ಕಲಿಸುವ ಪಾಠ ಇದು: ಹಿಂದೆ ಕಟ್ಟಿದ್ದರ ತೂಕ ಗೊತ್ತಿಲ್ಲದಿದ್ದರೆ ನಿನ್ನ ಅಂದಾಜಿನ ಪಕ್ಕದಲ್ಲಿ ದೊಡ್ಡ ಅಂತರವನ್ನು ಬರೆದಿಡು. ಒಂದೆರಡು ಪರ್ಸೆಂಟ್ ಸಾಮರ್ಥ್ಯದ ಮೇಲುಗೈಯನ್ನು ಆ ಅಂತರ ನುಂಗಿ ನೀರು ಕುಡಿಯುತ್ತದೆ.

ಕೀಲು ಮಾಡಬೇಕಾದ ಕೆಲಸವನ್ನು ಊಹಿಸಿಕೊಳ್ಳಿ. ಸಾಮಾನ್ಯ ವಿಮಾನದಲ್ಲಿ ರೆಕ್ಕೆಯ ತೊಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮುರಿಯದೆ ಸಾಗುತ್ತದೆ. ಭಾರ ಅಗಲವಾಗಿ ಹರಡುತ್ತದೆ. ತಿರುಗುವ ರೆಕ್ಕೆಯಲ್ಲಿ ಆ ತೊಲೆಯನ್ನು ಕತ್ತರಿಸಿ, ಹರಡಿದ್ದ ಬಲವನ್ನೆಲ್ಲ ಒಂದು ಗುಂಡನೆಯ ಬೇರಿಂಗಿನ ಮೂಲಕ ಹಾಯಿಸಿ, ಆಚೆ ಬದಿಯಲ್ಲಿ ಮತ್ತೆ ಹರಡಬೇಕು. 300 ಟನ್ನಿನ ವಿಮಾನ ಬಿರುಗಾಳಿಯಲ್ಲಿ ಕುಲುಕಿದಾಗ ಅದರ ಎರಡೂವರೆ ಪಟ್ಟು ಭಾರ ತಡೆಯುವಂತೆ ಕಟ್ಟಬೇಕು ಎನ್ನುತ್ತದೆ ನಿಯಮ. ಬಲವನ್ನು ಹಿಡಿದು ಕಿರಿದುಗೊಳಿಸುವ ಲೋಹ ಬೇಕು, ಬೇರಿಂಗಿನ ಸುತ್ತ ಲೋಹ ಬೇಕು, ಮತ್ತೆ ಹರಡುವ ಲೋಹ ಬೇಕು, ತಿರುಗಿಸುವ ಯಂತ್ರ ಬೇಕು, ಎಡ ಬಲಗಳು ಒಟ್ಟಿಗೇ ತಿರುಗುವಂತೆ ಕಾಯುವ ವ್ಯವಸ್ಥೆ ಬೇಕು. ಇಂಧನದ ಕೊಳವೆಗಳೂ ಆ ಕೀಲಿನ ಮೂಲಕವೇ ಸಾಗಬೇಕು. ಒಂದು ಕಡೆಯ ರೆಕ್ಕೆ ಮಾತ್ರ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಉತ್ತರ ಬೇಕು. ಇದೆಲ್ಲವೂ ಸುಡುವ ಟೈಟಾನಿಯಂನಲ್ಲಿ, ದಿನಕ್ಕೆ ಹಲವು ಸಲ, ವರ್ಷಾನುಗಟ್ಟಲೆ.

ಕೀಲಿಗಾಗಿ ಬೇರೆ ಭಾಗಗಳೂ ಜಾಗ ಬದಲಿಸಿದವು. ಮೊದಲ ಚಿತ್ರಗಳಲ್ಲಿ ರೆಕ್ಕೆಯಡಿ ಇದ್ದ ನಾಲ್ಕು ಎಂಜಿನ್ನುಗಳು ಹಿಂದಕ್ಕೆ ಸರಿದು ಬಾಲದ ರೆಕ್ಕೆಯಡಿ ಹೋದವು. ವಿಮಾನದ ಅತಿ ಭಾರದ ವಸ್ತುಗಳು ಎಲ್ಲಕ್ಕಿಂತ ಹಿಂದೆ. ಗುರುತ್ವ ಕೇಂದ್ರ ಹಿಂದಕ್ಕೆ ಹೋಯಿತು. ಸರಿಪಡಿಸಲು ಮೂತಿಯ ಹಿಂದೆ ಪುಟ್ಟ ರೆಕ್ಕೆಗಳನ್ನು ಸೇರಿಸಿದರು, ಅವೂ ತೂಕವೇ. ತೂಕ ಇಳಿಸಲು ಲೋಹ ತೆಳುವಾಗಿಸಿದರೆ ಅಷ್ಟು ಉದ್ದದ ಒಡಲು ಬಳುಕುತ್ತಿತ್ತು. 1967 ಮತ್ತು 1968ರ ಎರಡು ವರ್ಷ ಸಾವಿರಾರು ಎಂಜಿನಿಯರುಗಳು ಇದನ್ನೇ ಬಡಿದಾಡಿದರು. ಆ ಕಚೇರಿಗಳಲ್ಲಿ ತೂಕದ ಪಟ್ಟಿ ಹಿಡಿದು ಓಡಾಡಿದವರ ಬಗ್ಗೆ ನನಗೆ ಬಹಳ ಮರುಕವಿದೆ. ಪ್ರತಿ ವಾರ ಅಂಕಿ ಏರುತ್ತದೆ, ಪ್ರತಿ ವಾರ ಅದನ್ನು ಮೇಲಿನವರಿಗೆ ಓದಿ ಹೇಳಬೇಕು. ಅಂಥ ವಾರಗಳು ನನಗೆ ಗೊತ್ತು. ಕೊನೆಗೆ 1968ರ ಅಕ್ಟೋಬರ್‌ನಲ್ಲಿ ಬೋಯಿಂಗ್ ತಿರುಗುವ ರೆಕ್ಕೆಯನ್ನು ಕೈಬಿಟ್ಟಿತು. ಹೊಸ ವಿನ್ಯಾಸ 2707-300ರಲ್ಲಿ ಸ್ಥಿರವಾದ ಡೆಲ್ಟಾ ರೆಕ್ಕೆ, ಹಿಂದೆ ಬಾಲ, 234 ಆಸನ. ಸ್ಪರ್ಧೆ ಗೆದ್ದ ವಿಮಾನ ಇಲ್ಲವಾಗಿತ್ತು. ಅದರ ಜಾಗಕ್ಕೆ ಬಂದದ್ದು ಸೋತ ವಿಮಾನದ ದಾಯಾದಿ.

ಅದೇ ಚಳಿಗಾಲದಲ್ಲಿ, 1968ರ ಡಿಸೆಂಬರ್ 31ರಂದು, ಸೋವಿಯತ್ ಒಕ್ಕೂಟದ ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನ ತು-144 ಮೊದಲ ಬಾರಿ ಹಾರಿತು. 1969ರ ಮಾರ್ಚ್ 2ರಂದು ಕಾಂಕಾರ್ಡ್ ಹಾರಿತು. ಅಮೆರಿಕ ಹೊಸ ಹಾಳೆಯ ಮೇಲೆ ಮೊದಲ ಗೆರೆ ಎಳೆಯುತ್ತಿತ್ತು. ಆ ಎರಡು ವರ್ಷಗಳೇ ನಿರ್ಣಾಯಕವಾದದ್ದು ಎಂಬುದು ನನ್ನ ವಾದ. 1967ರಲ್ಲಿ ಸರಳವಾದ ರೆಕ್ಕೆಯಿಂದ ಶುರುಮಾಡಿದ್ದರೆ 1970ರ ಹೊತ್ತಿಗೆ ಮಾದರಿ ವಿಮಾನವೊಂದು ಹಾರಿರುತ್ತಿತ್ತು. ಹಾರುವ ವಿಮಾನವನ್ನು ಕೊಲ್ಲುವುದು ಯಾವ ಸಂಸತ್ತಿಗೂ ಕಷ್ಟ.

ಇಲ್ಲಿ 747ರ ಸಂಗತಿಯನ್ನೂ ಹೇಳದೆ ಇರಲಾರೆ. ಅದೇ ಬೋಯಿಂಗ್‌ನಲ್ಲಿ ಜೋ ಸಟರ್ ಮುಂದಾಳತ್ವದಲ್ಲಿ ಇನ್ನೊಂದು ತಂಡ ದೊಡ್ಡ ಸಾಮಾನ್ಯ ಜೆಟ್ ಒಂದನ್ನು ರೂಪಿಸುತ್ತಿತ್ತು. ಕಂಪನಿಯ ಹೆಮ್ಮೆಯ ಕೂಸು ಸೂಪರ್‌ಸಾನಿಕ್ ವಿಮಾನ. ಅದು ಬಂದ ಮೇಲೆ ನಿಧಾನದ ಜೆಟ್‌ಗಳಲ್ಲಿ ಜನ ಕೂರುವುದಿಲ್ಲ, ಅವು ಸರಕು ಸಾಗಣೆಗೆ ಹೋಗುತ್ತವೆ ಎಂದೇ ಎಲ್ಲರೂ ನಂಬಿದ್ದರು. ಆದ್ದರಿಂದ 747ರ ಮೂತಿಯನ್ನು ಮೇಲಕ್ಕೆತ್ತಿ ಸರಕು ತುಂಬಲು ಸಾಧ್ಯವಾಗುವಂತೆ ಚಾಲಕರ ಕೋಣೆಯನ್ನು ಮೇಲಕ್ಕೆ ಏರಿಸಿದರು. ಎಲ್ಲರೂ ಗುರುತಿಸುವ ಆ ಗೂನು ಬಂದದ್ದು ಹೀಗೆ, ಎಂದೂ ಹಾರದ ವಿಮಾನವೊಂದರ ನಿರೀಕ್ಷೆಯಿಂದ. 1969ರ ಫೆಬ್ರುವರಿ 9ರಂದು 747 ಹಾರಿತು; ಮುಂದಿನ ಅರ್ಧ ಶತಮಾನ ಜನ ಅದರಲ್ಲೇ ಕೂತರು.

ಎಲ್-2000 ಗೆದ್ದಿದ್ದರೆ ಎಲ್ಲವೂ ಸುಸೂತ್ರವಾಗುತ್ತಿತ್ತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಯಾವ ರೆಕ್ಕೆಗೂ ಬಗ್ಗದ ಸಮಸ್ಯೆ ಒಂದಿತ್ತು. ಸೂಪರ್‌ಸಾನಿಕ್ ವಿಮಾನ ಶಬ್ದದ ಗಡಿ ದಾಟುವ ಕ್ಷಣದಲ್ಲಿ ಒಮ್ಮೆ ಗುಡುಗಿ ಸುಮ್ಮನಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ವೇಗವಾಗಿ ಹಾರುವಷ್ಟು ದೂರವೂ ತನ್ನ ಹಿಂದೆ ಆ ಗುಡುಗನ್ನು ಎಳೆದುಕೊಂಡೇ ಹೋಗುತ್ತದೆ, ಹತ್ತಾರು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ, ದಾರಿಯ ಪ್ರತಿ ಮನೆಗೂ ಒಂದು ಸಲ. ಜನ ಇದಕ್ಕೆ ಒಗ್ಗಿಕೊಳ್ಳುತ್ತಾರೆಯೇ ಎಂದು ನೋಡಲು ಸರ್ಕಾರ ಒಕ್ಲಹೋಮ ನಗರವನ್ನು ಆರಿಸಿತು. 1964ರ ಫೆಬ್ರುವರಿ 3ರಿಂದ ಆರು ತಿಂಗಳ ಕಾಲ ವಾಯುಪಡೆಯ ವಿಮಾನಗಳು ಬೆಳಗ್ಗೆ 7 ಗಂಟೆಯಿಂದ ದಿನಕ್ಕೆ ಎಂಟರಂತೆ 1,253 ಗುಡುಗುಗಳನ್ನು ಆ ನಗರದ ಮೇಲೆ ಸುರಿಸಿದವು. ಮೊದಲ 14 ವಾರಗಳಲ್ಲೇ ನಗರದ ಎರಡು ಅತಿ ಎತ್ತರದ ಕಟ್ಟಡಗಳ 147 ಕಿಟಕಿ ಗಾಜುಗಳು ಒಡೆದವು. ವಿಮಾನೋದ್ಯಮದಿಂದಲೇ ಅನ್ನ ಉಣ್ಣುವ ಸಾವಿರಾರು ಜನರಿದ್ದ ಊರು ಅದು, ಅಂದರೆ ಇದ್ದುದರಲ್ಲಿ ಸಹನೆಯ ಊರು. ಅಲ್ಲಿಯೂ ಕೊನೆಗೆ ನೂರಕ್ಕೆ 27 ಜನ ಇದರೊಂದಿಗೆ ಬದುಕಲಾರೆವು ಎಂದರು. ಅಧಿಕಾರಿಗಳು ಉಳಿದ 73ರ ಕಡೆ ಬೆರಳು ತೋರಿಸಿದರು. ಇದು ನನಗೆ ಇಂದಿಗೂ ಅರ್ಥವಾಗದ ಮೊಂಡುತನ. ನಾಲ್ವರಲ್ಲಿ ಒಬ್ಬರು ಸಹಿಸಲಾರೆವು ಎಂದ ಮೇಲೆ ಆ ವಿಮಾನ ನೆಲದ ಮೇಲೆ ಹಾರಲಾರದು ಎಂದು 1964ರಲ್ಲೇ ಒಪ್ಪಿಕೊಳ್ಳಬೇಕಿತ್ತು. ಸಾಗರದ ಮೇಲಿನ ಹಾದಿಗಳಿಗೆ ಮಾತ್ರ ಸಾಕಾಗುವ ಚಿಕ್ಕ, ತಣ್ಣನೆಯ, ಮ್ಯಾಕ್ 2.2ರ ಒಳಗಿನ ವಿಮಾನವನ್ನು ಆಗಲೇ ಕೇಳಬಹುದಿತ್ತು.

ಮುಂದಿನದು ರಾಜಕೀಯ, ಅದರಲ್ಲಿ ನನಗೆ ಆಸಕ್ತಿ ಕಡಿಮೆ. ಹಾರ್ವರ್ಡ್‌ನ ಭೌತವಿಜ್ಞಾನಿ ವಿಲಿಯಂ ಶರ್ಕ್ಲಿಫ್ 1967ರಲ್ಲಿ ಸಾನಿಕ್ ಬೂಮ್ (ಈ ಗುಡುಗಿನ ಇಂಗ್ಲಿಷ್ ಹೆಸರು) ವಿರೋಧಿ ನಾಗರಿಕ ಸಂಘ ಕಟ್ಟಿ ದಣಿವಿಲ್ಲದೆ ಬರೆದರು. ವಿಸ್ಕಾನ್ಸಿನ್‌ನ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಹಣದ ಪ್ರಶ್ನೆ ಎತ್ತಿದರು. ಅಧ್ಯಕ್ಷ ನಿಕ್ಸನ್ ಸಲಹೆ ಕೇಳಿದ ಸಮಿತಿಯ ಮುಖ್ಯಸ್ಥ ರಿಚರ್ಡ್ ಗಾರ್ವಿನ್ ಯೋಜನೆ ನಿಲ್ಲಿಸಿ ಎಂದರು, ನಿಕ್ಸನ್ ಮುಂದುವರಿಸಿದರು. ಎತ್ತರದ ವಾಯುಮಂಡಲದ ಓಝೋನ್ ಪದರಕ್ಕೆ ಹಾನಿಯಾಗಬಹುದೆಂಬ ಆತಂಕ 1971ರಲ್ಲಿ ಸೇರಿಕೊಂಡಿತು. 26 ವಿಮಾನ ಸಂಸ್ಥೆಗಳು 122 ವಿಮಾನಗಳಿಗೆ ಸಾಲು ಹಿಡಿದು ನಿಂತಿದ್ದವು, ಏರ್ ಇಂಡಿಯಾ ಕೂಡ ಆ ಸಾಲಿನಲ್ಲಿತ್ತು. ಮಾರ್ಚ್‌ನ ಮತದಾನದ ಬಳಿಕ ಎಲ್ಲವೂ ರದ್ದಾಯಿತು. ಬೋಯಿಂಗ್ ಆಗಲೇ ಬೇರೆ ಕಾರಣಗಳಿಂದಲೂ ಕುಸಿಯುತ್ತಿತ್ತು; 1967ರಲ್ಲಿ ಸಿಯಾಟಲ್ ಸುತ್ತ ಒಂದು ಲಕ್ಷ ಮೀರಿದ್ದ ಅದರ ನೌಕರರ ಸಂಖ್ಯೆ 1971ರ ಏಪ್ರಿಲ್ ಹೊತ್ತಿಗೆ 39,000ಕ್ಕಿಂತ ಕೆಳಗಿಳಿಯಿತು. ಊರು ಬಿಡುವ ಕೊನೆಯವರು ದೀಪ ಆರಿಸಿ ಹೋಗಿ ಎಂಬ ಫಲಕ ಆಗ ವಿಮಾನ ನಿಲ್ದಾಣದ ಹತ್ತಿರ ಎದ್ದು ನಿಂತಿತ್ತು. ಬಾಸ್ಕೆಟ್‌ಬಾಲ್ ತಂಡಕ್ಕೆ ಸೂಪರ್‌ಸಾನಿಕ್ಸ್ ಎಂದು ಹೆಸರಿಟ್ಟುಕೊಂಡ ಊರು ಅದು.

ಬೋಯಿಂಗ್ ಕಟ್ಟಿಟ್ಟಿದ್ದ, ಹಾರದ, ಪೂರ್ಣ ಗಾತ್ರದ ಮಾದರಿಯ ಪಾಡು ಕೇಳಿ. ಎಂಬತ್ತು ಮೀಟರಿಗೂ ಉದ್ದದ ಅದನ್ನು ಕೊಂಡವರು ಬಿಡಿಬಿಡಿಯಾಗಿ ಫ್ಲಾರಿಡಾದ ಕಿಸ್ಸಿಮಿಗೆ ಸಾಗಿಸಿ, ಅಲ್ಲಿ 1973ರಲ್ಲಿ ಪ್ರದರ್ಶನ ಕೇಂದ್ರವೊಂದನ್ನು ತೆರೆದರು. ಅದು 1981ರಲ್ಲಿ ಮುಚ್ಚಿತು. ಆಮೇಲೆ ಆ ಕಟ್ಟಡದಲ್ಲಿ ಚರ್ಚ್ ಒಂದು ನಡೆಯಿತು. ಭಕ್ತರು ಪ್ರಾರ್ಥನೆ ಮಾಡುತ್ತಿದ್ದುದು ಆ ವಿಮಾನದ ಹತ್ತಿರವೇ, ಅದು ಇನ್ನೂ ಅಲ್ಲೇ ನಿಂತಿತ್ತು. 1990ರಲ್ಲಿ ಅದನ್ನು ಕತ್ತರಿಸಿ ಸಾಗಿಸಿದರು. ಮುಂಭಾಗ ಕ್ಯಾಲಿಫೋರ್ನಿಯಾದ ಹಿಲ್ಲರ್ ವಸ್ತುಸಂಗ್ರಹಾಲಯದಲ್ಲಿ ವರ್ಷಗಟ್ಟಲೆ ಇದ್ದು, 2013ರಲ್ಲಿ ಸಿಯಾಟಲ್‌ನ ವಿಮಾನ ವಸ್ತುಸಂಗ್ರಹಾಲಯಕ್ಕೆ ಮರಳಿತು.

ನನ್ನ ಗೋಡೆಯ ಮೇಲಿನ ಆಕಾರಕ್ಕೆ ಮಾತ್ರ ಬೇರೆ ಗತಿ ಒದಗಿತು. ತು-144ರ ಉತ್ಪಾದನಾ ಮಾದರಿಗೆ ಸೋವಿಯತ್ ವಿನ್ಯಾಸಕಾರರು ಕೊಟ್ಟದ್ದು ಜೋಡಿ ಡೆಲ್ಟಾ ರೆಕ್ಕೆ. 1977ರ ನವೆಂಬರ್‌ನಿಂದ 1978ರ ಜೂನ್‌ವರೆಗೆ ಅದು ಮಾಸ್ಕೋ ಮತ್ತು ಅಲ್ಮಾ ಅತಾ ನಡುವೆ ಪ್ರಯಾಣಿಕರನ್ನು ಹೊತ್ತು 55 ಬಾರಿ ಹಾರಿತು. 1990ರ ದಶಕದಲ್ಲಿ ನಾಸಾ ಮತ್ತೆ ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನದ ಸಂಶೋಧನೆಗೆ ಇಳಿಯಿತು. ಗುರಿ 300 ಜನ, ಮ್ಯಾಕ್ 2.4, ಸ್ಥಿರವಾದ ರೆಕ್ಕೆ. ಆ ವೇಗದಲ್ಲಿ ಹಾರುವ ದೊಡ್ಡ ವಿಮಾನವೊಂದು ಪ್ರಯೋಗಕ್ಕೆ ಬೇಕಾಯಿತು. ಅಮೆರಿಕದ ಬಳಿ ಅಂಥದ್ದು ಇರಲಿಲ್ಲ. ಹಾಗಾಗಿ ರಷ್ಯಾದ ಜುಕೋವ್‌ಸ್ಕಿಯಲ್ಲಿ ನಿಂತಿದ್ದ ತು-144 ಒಂದಕ್ಕೆ ಹೊಸ ಎಂಜಿನ್ ಜೋಡಿಸಿ, ಮೈತುಂಬ ಅಳತೆಯ ಉಪಕರಣಗಳನ್ನು ಕಟ್ಟಿ, 1996ರ ನವೆಂಬರ್‌ನಿಂದ ಹಾರಿಸಿದರು. 1998ರಲ್ಲಿ ನಾಸಾದ ಗಾರ್ಡನ್ ಫುಲ್ಲರ್ಟನ್ ಮತ್ತು ರಾಬರ್ಟ್ ರಿವರ್ಸ್ ತಾವೇ ಅದನ್ನು ಚಲಾಯಿಸಿದರು. ಅಮೆರಿಕದ ಚಾಲಕರು ಜೋಡಿ ಡೆಲ್ಟಾದ ಪ್ರಯಾಣಿಕ ವಿಮಾನವನ್ನು ಶಬ್ದದ ಎರಡು ಪಟ್ಟು ವೇಗದ ಹತ್ತಿರಕ್ಕೆ ಒಯ್ದದ್ದು ಹೀಗೆ, ರಷ್ಯಾದ ಆಕಾಶದಲ್ಲಿ. 1999ರಲ್ಲಿ ಆ ಯೋಜನೆಯೂ ನಿಂತುಹೋಯಿತು. ಅದರ ತೂಕದ ಕಥೆ ಪ್ರತ್ಯೇಕವಾಗಿ ಬರೆಯಬೇಕಾದದ್ದು. ಮುಂದಿನ ಬಾರಿ ಅದನ್ನೇ ಎತ್ತಿಕೊಳ್ಳುತ್ತೇನೆ.